ಕರಗಿದ ಗಳಿಗೆ

ಬೀಸುವ ಕಲ್ಲಿನಿಂದ ಆಗಷ್ಟೇ ಉದುರಿದ ಜೋಳದ ಹಿಟ್ಟು ಕೈಗೆ ಬೆಚ್ಚಗೆ ಹತ್ತುತ್ತದೆ. ಆಳಂದ ಸೀಮೆಯ ನಮ್ಮ ಮನೆಯಲ್ಲಿ ಅವ್ವ ನಸುಕಿಗೇ ಎದ್ದು ಬೀಸಲು ಕೂತರೆ, ನಾನು ಕಣ್ಣುಜ್ಜಿಕೊಳ್ಳುತ್ತ ಬಂದು ಆ ಹಿಟ್ಟಿನ ಗುಂಪಿಯಲ್ಲಿ ಬೆರಳಿಡುತ್ತಿದ್ದೆ. ಒಲೆ ಇನ್ನೂ ಹೊತ್ತಿರುತ್ತಿರಲಿಲ್ಲ. ಕಾಳು ತಣ್ಣಗೆ, ಕಲ್ಲು ತಣ್ಣಗೆ, ನೆಲ ತಣ್ಣಗೆ. ಹಿಟ್ಟು ಮಾತ್ರ ಬೆಚ್ಚಗೆ. ಈ ಬಿಸಿ ಎಲ್ಲಿಂದ ಬಂತು ಎಂದು ಕೇಳಿದರೆ ಅವ್ವ ಕೈ ನಿಲ್ಲಿಸದೆಯೇ, “ಕಲ್ಲಿಗಿ ಕಲ್ಲು ತಿಕ್ಕಿದ್ರ ಬಿಸಿ ಆಗಲಾರದ ಇರ್ತದೇನು ತಮ್ಮಾ?” ಅನ್ನುತ್ತಿದ್ದಳು.

ಅಪ್ಪನಿಗೂ ಇದು ಗೊತ್ತಿತ್ತು. ದೂರದ ಸಂತೆಗೆ ಬಂಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕದೆ ಅವನು ಎತ್ತಿನ ಹಗ್ಗ ಮುಟ್ಟುತ್ತಿರಲಿಲ್ಲ. ಎಣ್ಣೆ ಕಾಣದ ಅಚ್ಚು ಕಿರುಗುಟ್ಟುತ್ತದೆ, ಬಿಸಿಯಾಗುತ್ತದೆ, ಕಡೆಗೆ ಸುಟ್ಟ ವಾಸನೆ ಬರುತ್ತದೆ. ಒಂದಕ್ಕೊಂದು ತಿಕ್ಕುವ ಎರಡು ವಸ್ತುಗಳ ನಡುವೆ ಬಿಸಿ ಹುಟ್ಟುವುದು ಸಹಜ ಎಂಬ ತಿಳಿವಳಿಕೆ ಒಕ್ಕಲು ಮನೆಗಳಲ್ಲಿ ಬಲು ಹಳೆಯದು.

ಈ ತಿಕ್ಕಾಟ ನೆಲದೊಳಗೆ ನಡೆದರೆ ಏನಾಗುತ್ತದೆ ಎಂಬುದನ್ನು ನಾನು ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಹೈದರಾಬಾದಿನಲ್ಲಿ. ನೌಕರಿಗೆಂದು ಈ ಊರಿಗೆ ಬಂದವನು ಇಲ್ಲೇ ನೆಲೆ ನಿಂತೆ. ತಾರ್ನಾಕದ ನಮ್ಮ ಮನೆಯಿಂದ ಉಪ್ಪಲ್ ಕಡೆ ಹೊರಟರೆ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಆವರಣ ಸಿಗುತ್ತದೆ. ಊರವರ ಬಾಯಲ್ಲಿ ಅದು ಎನ್‌ಜಿಆರ್‌ಐ. 1961ರಲ್ಲಿ ಶುರುವಾದ ಈ ಸಂಸ್ಥೆ ಭೂಕಂಪಗಳ ಜಾಡು ಹಿಡಿಯುತ್ತದೆ, ಬಂಡೆಗಳ ವಯಸ್ಸು ಅಳೆಯುತ್ತದೆ. ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ವಜ್ರ ಹೊತ್ತು ಮೇಲೆ ಬಂದ ಕಿಂಬರ್ಲೈಟ್ ಕಲ್ಲು ಸುಮಾರು 110 ಕೋಟಿ ವರ್ಷ ಹಳೆಯದೆಂದು ಲೆಕ್ಕ ಹಾಕಿದವರೂ ಇಲ್ಲಿಯವರೇ. ಸಂಸ್ಥೆಯ ಸುತ್ತಲಿನ ಊರೇ ಒಂದು ಕಲ್ಲಿನ ಹೊತ್ತಿಗೆ. ಗೋಲ್ಕೊಂಡದ ಕೋಟೆ ನಿಂತಿರುವ ಬೆಟ್ಟ, ಬಂಜಾರಾ ಹಿಲ್ಸಿನ ಗುಂಡುಗಳು, ವಿಶ್ವವಿದ್ಯಾಲಯದ ಆವರಣದ ಅಣಬೆ ಬಂಡೆ, ಎಲ್ಲವೂ ಸುಮಾರು 250 ಕೋಟಿ ವರ್ಷಗಳ ಹಿಂದಿನ ಗ್ರಾನೈಟ್. ಈ ಬಂಡೆಗಳನ್ನು ಒಡೆದು ಮನೆ ಕಟ್ಟುವ ಭರಾಟೆಯಲ್ಲಿ, ಉಳಿದಷ್ಟನ್ನಾದರೂ ಕಾಯಬೇಕೆಂದು 1996ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡ ಜನ ಇಲ್ಲಿದ್ದಾರೆ.

ನಮ್ಮ ಓಣಿಯಲ್ಲಿ ಭೂವಿಜ್ಞಾನ ಓದಿದ ಗೆಳೆಯರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ಒಂದು ಸಂಜೆ ಅವರು ಸೇಲಂ ಸೀಮೆಯಿಂದ ತಂದಿದ್ದ ಒಂದು ಕಲ್ಲಿನ ಚೂರನ್ನು ನನ್ನ ಅಂಗೈಯಲ್ಲಿಟ್ಟರು. ಒಂದು ಮಗ್ಗುಲನ್ನು ನುಣ್ಣಗೆ ಉಜ್ಜಿ ಹೊಳಪು ಕೊಟ್ಟಿದ್ದರು. ಬೂದು, ತಿಳಿಗೆಂಪು ಪಟ್ಟೆಗಳ ಹಳೆಯ ನೈಸ್ ಕಲ್ಲು ಅದು. ಅದರ ನಡುವೆ ಪೆನ್ಸಿಲಿನಷ್ಟು ದಪ್ಪದ ಕಪ್ಪು ಎಳೆಯೊಂದು ನೆಟ್ಟಗೆ ಹಾದುಹೋಗಿತ್ತು. ಎಳೆಯಿಂದ ಒಂದು ಕಡೆಗೆ ಸಣ್ಣ ಸಣ್ಣ ಬೆರಳುಗಳು ಕವಲೊಡೆದು ಕಲ್ಲಿನೊಳಕ್ಕೆ ನುಗ್ಗಿದ್ದವು. ಮಸಿಕುಡಿಕೆ ಉರುಳಿ, ಮಸಿ ಬಿರುಕುಗಳಿಗೆ ಇಳಿದು, ಅಲ್ಲೇ ಒಣಗಿದ ಹಾಗೆ.

“ಇದು ಭೂಕಂಪ ನೋಡ್ರಿ,” ಅಂದರು. “ಕೈಯಾಗ ಹಿಡಿಲಿಕ್ಕೆ ಬರೋವಂಥ ಭೂಕಂಪ.”

ನೆಲದಾಳದಲ್ಲಿ ಬಂಡೆಯ ಎರಡು ಹೋಳುಗಳು ಒಂದನ್ನೊಂದು ಒತ್ತಿಕೊಂಡು ಯುಗಯುಗ ಕೂತಿರುತ್ತವೆ. ಒಂದು ದಿನ ಹಿಡಿತ ತಪ್ಪುತ್ತದೆ. ಒಂದು ಹೋಳು ಇನ್ನೊಂದರ ಮೇಲೆ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗದಲ್ಲಿ ಜಾರುತ್ತದೆ. ನಮಗದು ನಡಿಗೆಯ ವೇಗ, ಮೈಲುಗಟ್ಟಲೆ ಕಲ್ಲಿನ ಭಾರ ಹೊತ್ತ ಬಂಡೆಗೆ ಪ್ರಳಯದ ವೇಗ. ತಿಕ್ಕಿದ ಮೈ ಕೆಲವೇ ಸೆಕೆಂಡುಗಳಲ್ಲಿ 1,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಲ್ಲು ಕರಗಿ ನೀರಾಗುತ್ತದೆ. ಕರಗಿದ್ದು ಪಕ್ಕದ ಬಿರುಕುಗಳಿಗೆ ಹೊಕ್ಕು, ಸುತ್ತಲಿನ ತಣ್ಣನೆಯ ಬಂಡೆಗೆ ಬಿಸಿ ಕೊಟ್ಟು, ಹರಳು ಕಟ್ಟಲೂ ಪುರುಸೊತ್ತಿಲ್ಲದ ಹಾಗೆ ಗಾಜಿನಂತೆ ಬಿಗಿಯುತ್ತದೆ. ಹಿಡಿತ ತಪ್ಪಿದ್ದು, ಕರಗಿದ್ದು, ಬಿಗಿದದ್ದು ಎಲ್ಲ ಸೇರಿ ನಾವು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಇಲ್ಲ. ಆ ಹೊತ್ತಿನ ಗುರುತು ಮಾತ್ರ ಕೋಟಿ ವರ್ಷ ಉಳಿಯುತ್ತದೆ.

ಈ ಕರಿಯ ಎಳೆಯನ್ನು ಮೊದಮೊದಲು ಗಮನಿಸಿದವರಲ್ಲಿ ವಿಲಿಯಂ ಕಿಂಗ್ ಮತ್ತು ರಾಬರ್ಟ್ ಬ್ರೂಸ್ ಫೂಟ್ ಇದ್ದರು. 1864ರಲ್ಲಿ ಸೇಲಂ, ತಿರುಚಿನಾಪಳ್ಳಿ ಸೀಮೆಗಳ ಕಲ್ಲುಗಳ ಬಗ್ಗೆ ಬರೆಯುವಾಗ ಅವರು ಇದನ್ನು ‘ಟ್ರಾಪ್-ಶಾಟನ್ ನೈಸ್’ ಎಂದು ಕರೆದರು. ಟ್ರಾಪ್ ಎಂದರೆ ಲಾವಾದಿಂದಾದ ಕಪ್ಪು ಕಲ್ಲು. ನೈಸಿನೊಳಕ್ಕೆ ಅದು ಚಿಮ್ಮಿ ಹೊಕ್ಕಿದೆ ಎಂಬ ಭಾವ. ಫೂಟ್ ನಮಗೆ ಪರಕೀಯರಲ್ಲ. ನಮ್ಮ ನೆಲದ ಹಳೆಯ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವರು, ಬಳ್ಳಾರಿ ಜಿಲ್ಲೆಯ ಕಲ್ಲುಗಳ ಮೇಲೆ ಇಡೀ ಗ್ರಂಥ ಬರೆದವರು, ಶಿಲಾಯುಗದ ಮನುಷ್ಯನ ಕೈಗೊಡಲಿಯನ್ನು ಭಾರತದಲ್ಲಿ ಮೊದಲು ಗುರುತಿಸಿದವರು. ಮುಂದೆ 1916ರಲ್ಲಿ ಶಾಂಡ್ ಎಂಬ ವಿಜ್ಞಾನಿ ದಕ್ಷಿಣ ಆಫ್ರಿಕಾದ ಪ್ಯಾರಿಸ್ ಎಂಬ ಸಣ್ಣ ಊರಿನ ಬಳಿ ಇಂಥದೇ ಕಲ್ಲು ಕಂಡರು. ತಮ್ಮ ಲೇಖನದ ತಲೆಬರಹದಲ್ಲೇ ದಕ್ಷಿಣ ಭಾರತದ ಆ ಹೆಸರನ್ನು ಸೇರಿಸಿ, ಎರಡನ್ನೂ ಹೋಲಿಸಿ ನೋಡಿ, ಹೊಸ ಹೆಸರೊಂದನ್ನು ಕೊಟ್ಟರು: ಸ್ಯೂಡೋಟ್ಯಾಕಿಲೈಟ್. ಟ್ಯಾಕಿಲೈಟ್ ಎಂದರೆ ಲಾವಾದಿಂದಾದ ಕಪ್ಪು ಗಾಜು. ಇದು ನೋಡಲು ಹಾಗಿದ್ದರೂ ಹಾಗಲ್ಲ ಎಂದು ಆ ಹೆಸರು ಹೇಳುತ್ತದೆ.

ಕರಗಿದ ಗಳಿಗೆ ಎಷ್ಟು ಹಿಂದಿನದು ಎಂದು ತಿಳಿಯುವುದು ಹೇಗೆ? ಕಲ್ಲಿನಲ್ಲಿರುವ ಪೊಟ್ಯಾಸಿಯಂ ಈ ಲೆಕ್ಕ ಇಡುತ್ತದೆ. ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಒಂದು ಪೊಟ್ಯಾಸಿಯಂ-40. ಇದು ತನ್ನಷ್ಟಕ್ಕೆ ಕ್ಷಯಿಸುತ್ತ ಹೋಗುತ್ತದೆ. 125 ಕೋಟಿ ವರ್ಷಗಳಲ್ಲಿ ಅರ್ಧ ಕರಗುತ್ತದೆ. ಕ್ಷಯಿಸಿದ್ದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಆಗುತ್ತದೆ, ನೂರಕ್ಕೆ ಹನ್ನೊಂದರಷ್ಟು ಆರ್ಗಾನ್ ಅನಿಲವಾಗುತ್ತದೆ. ಆರ್ಗಾನ್ ಯಾರೊಂದಿಗೂ ಬೆರೆಯದ ಅನಿಲ. ಗಟ್ಟಿ ಕಲ್ಲಿನಲ್ಲಿ ಅದು ಹರಳಿನೊಳಗೆ ಸೆರೆಯಾಗಿ ಕೂಡುತ್ತ ಹೋಗುತ್ತದೆ. ಕಲ್ಲು ಕರಗಿದರೆ ತಪ್ಪಿಸಿಕೊಂಡು ಹೋಗುತ್ತದೆ. ಹಳೆಯ ಖಾತೆ ಅಲ್ಲಿಗೆ ಮುಗಿಯಿತು. ಕಲ್ಲು ಮತ್ತೆ ಬಿಗಿದ ಕ್ಷಣದಿಂದ ಹೊಸ ಲೆಕ್ಕ ಶುರು. ಈಗ ಆ ಕಲ್ಲಿನ ಚೂರನ್ನು ಪರಮಾಣು ಸ್ಥಾವರದಲ್ಲಿಟ್ಟು ನ್ಯೂಟ್ರಾನುಗಳಿಗೆ ಒಡ್ಡುತ್ತಾರೆ. ಅದರಲ್ಲಿನ ಪೊಟ್ಯಾಸಿಯಂನ ಒಂದು ಪಾಲು ಇನ್ನೊಂದು ಬಗೆಯ ಆರ್ಗಾನ್ ಆಗುತ್ತದೆ. ಆಮೇಲೆ ಲೇಸರಿನಿಂದಲೋ ಕುಲುಮೆಯಲ್ಲೋ ಕಾಯಿಸಿ, ಹೊರಬಂದ ಎರಡೂ ಬಗೆಯ ಆರ್ಗಾನನ್ನು ಅಳೆದು, ಆ ಅನುಪಾತದಿಂದ ವಯಸ್ಸು ಕಟ್ಟುತ್ತಾರೆ.

ನಾನು ಕೇಳುತ್ತ ಕಪ್ಪು ಎಳೆಯನ್ನೇ ನೋಡುತ್ತಿದ್ದೆ. ಗೆಳೆಯರು ಭೂತಗನ್ನಡಿ ಕೊಟ್ಟರು. ಅದರಲ್ಲಿ ನೋಡಿದರೆ ಆ ಕಪ್ಪು ಶುದ್ಧ ಕಪ್ಪಾಗಿರಲಿಲ್ಲ. ಅದರೊಳಗೆ ಅಂಚು ಸವೆದು ದುಂಡಗಾದ ಬಿಳಿ ಬಿಳಿ ಕಾಳುಗಳು, ಹುಗ್ಗಿಯಲ್ಲಿ ಬೇಯದೆ ಉಳಿದ ಕಾಳಿನಂತೆ, ತೇಲಿ ನಿಂತಿದ್ದವು. ಅಭ್ರಕದಂಥ ನೀರಂಶವುಳ್ಳ ಖನಿಜಗಳು ಬೇಗ ಕರಗಿಬಿಡುತ್ತವೆ. ಬಿಳಿಗಲ್ಲಿನ ಗಟ್ಟಿ ಹರಳುಗಳು ಆ ಬಿಸಿಯಲ್ಲೂ ಉಳಿದುಬಿಡುತ್ತವೆ.

“ಇಲ್ಲೇ ಮೋಸ ಆಗೋದು,” ಅಂದರು ಅವರು. “ಈ ಕರಿ ಭಾಗದ ವಯಸ್ಸು ಬೇಕಂದ್ರ ಈ ಬಿಳಿ ಕಾಳು ಬ್ಯಾರೆ ಮಾಡಬೇಕ್ರಿ. ಅವು ಕರಗಿಲ್ಲ. ತಮ್ಮ ಹಳೇ ಲೆಕ್ಕಾನ ಇಟ್ಟುಕೊಂಡು ಕೂತಾವ. ಅದನ್ನೂ ಕೂಡಿಸಿ ಅಳದ್ರ, ನಿನ್ನೆ ಆದದ್ದು ಮುತ್ಯಾನ ಕಾಲದ್ದು ಅಂತ ಉತ್ತರ ಬರ್ತದ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ನನ್ನ ಅಣ್ಣನ ಜೊತೆ ಮಾತು ಬಿಟ್ಟು ಆಗ ಹದಿನಾರು ವರ್ಷ ಆಗಿತ್ತು. ಆ ಜಗಳದ ವಯಸ್ಸು ನನಗೆ ಖಚಿತವಾಗಿ ಗೊತ್ತು ಎಂದುಕೊಂಡಿದ್ದೆ. ಅವ್ವ ತೀರಿದ ಮೇಲೆ ಹೊಲ ಪಾಲಾಯಿತು. ಹಳ್ಳದ ಆಚೆಯದು ಅಣ್ಣನಿಗೆ, ಈಚೆಯದು ನನಗೆ. ಮರುವರ್ಷ ನಾನು ನಕ್ಷೆಯ ನಕಲು ಹಿಡಿದು ಊರಿಗೆ ಹೋದೆ. ಅಳೆದು ನೋಡಿದರೆ ಬಾಂದುಕಲ್ಲು ನನ್ನ ಪಾಲಿನೊಳಗೆ ಎಂಟು ಮೊಳ ಸರಿದಿತ್ತು. ಅಣ್ಣ ಕುಂಟೆ ಹೊಡೆಯುತ್ತಿದ್ದ. ಸುತ್ತ ನಾಲ್ಕು ಮಂದಿ ನಿಂತಿದ್ದರು. ನಾನು ದನಿಯೆತ್ತಿ, “ಕಲ್ಲು ಸರಿಸಿದವರ ಮನಿ ಉದ್ಧಾರ ಆಗಂಗಿಲ್ಲ” ಅಂದೆ. ಅಣ್ಣ ನನ್ನ ಮುಖ ನೋಡಿದ. ಬಾರುಕೋಲು ಕೆಳಗಿಟ್ಟ. ಎತ್ತು ಬಿಚ್ಚಿಕೊಂಡು ಮನೆಯ ದಾರಿ ಹಿಡಿದ. ಒಂದು ಮಾತು ಆಡಲಿಲ್ಲ. ನಾನು ಸಂಜೆಯ ಬಸ್ಸಿಗೆ ಹೈದರಾಬಾದಿಗೆ ವಾಪಸಾದೆ. ಹಿಡಿತ ತಪ್ಪಿದ್ದು, ಕರಗಿದ್ದು, ಬಿಗಿದದ್ದು ಎಲ್ಲ ಅಷ್ಟರೊಳಗೇ ಮುಗಿದಿತ್ತು.

ಅಲ್ಲಿಂದ ಮುಂದೆ ನಾನು ಆ ಜಗಳವನ್ನು ಬೆಳೆಸುತ್ತ ಹೋದೆ. ಹೆಂಡತಿಗೆ ಹೇಳುವಾಗ ಅದು ಪಾಲಿನ ದಿನದಿಂದ ಶುರುವಾಯಿತು. ಗೆಳೆಯರಿಗೆ ಹೇಳುವಾಗ ಅವ್ವನ ಕಾಯಿಲೆಯ ಕಾಲದಿಂದ. ಒಬ್ಬನೇ ಇದ್ದಾಗ ಇನ್ನೂ ಹಿಂದಕ್ಕೆ ಹೋಗಿ, ಅಣ್ಣನಿಗೆ ಹೊಸ ಅಂಗಿ, ನನಗೆ ಅವನ ಹಳೆಯದು ಬಂದ ದೀಪಾವಳಿಯಿಂದ. ಆ ಒಂದು ಗಳಿಗೆಗೆ ನಾನು ನನ್ನ ಬದುಕಿನ ಕರಗದ ಕಾಳುಗಳನ್ನೆಲ್ಲ ತಂದು ಸುರಿದಿದ್ದೆ. ಅಳೆದಾಗ ನಮ್ಮ ವೈರ ನಮ್ಮಷ್ಟೇ ಹಳೆಯದು ಎಂಬ ಉತ್ತರ ಬರುತ್ತಿತ್ತು. ಹುಟ್ಟಿನಿಂದ ಬಂದದ್ದನ್ನು ಯಾರು ಸರಿಪಡಿಸಬಲ್ಲರು ಎಂದು ಸುಮ್ಮನಿರಲು ಆ ಉತ್ತರ ನನಗೆ ಅನುಕೂಲವಾಗಿತ್ತು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಕರಗಿ ಬಿಗಿದ ಗಾಜು ನಾಜೂಕಿನದು. ಮುಂದೆ ಯಾವಾಗಲೋ ಬಿಸಿನೀರು ಹರಿದು ಅದನ್ನು ಕೆಡಿಸಿದರೆ, ಕೂಡಿಟ್ಟ ಆರ್ಗಾನ್ ಸೋರಿಹೋಗಿ ಕಲ್ಲು ತನ್ನ ನಿಜವಾದ ವಯಸ್ಸಿಗಿಂತ ಎಳೆಯದಾಗಿ ಕಾಣುತ್ತದೆ. ನೋವು ತಿಂದವನು ತಾರೀಖನ್ನು ಹಿಂದಕ್ಕೆ ಎಳೆಯುತ್ತಾನೆ. ನೋವು ಕೊಟ್ಟವನು ಮುಂದಕ್ಕೆ ತಳ್ಳುತ್ತಾನೆ. “ಅದು ಆ ಕ್ಷಣದ ಸಿಟ್ಟು, ಅದಕ್ಕೆ ಹಿಂದಿನದೇನೂ ಇಲ್ಲ” ಅನ್ನುವವನು ಸೋರಿಹೋದ ಕಲ್ಲನ್ನು ತೋರಿಸಿ ಲೆಕ್ಕ ಒಪ್ಪಿಸುತ್ತಿದ್ದಾನೆ. ಹೊಲದಲ್ಲಿ ಆಡಿದ ಮಾತಿನ ವಿಷಯದಲ್ಲಿ ನಾನು ಎರಡನ್ನೂ ಮಾಡಿದ್ದೆ. ಅಣ್ಣನ ತಪ್ಪು ಬಲು ಹಳೆಯದು, ನನ್ನ ಮಾತು ಆ ಕ್ಷಣದ್ದು ಎಂದು ನನ್ನನ್ನು ನಂಬಿಸಿಕೊಂಡಿದ್ದೆ.

ವಿಜ್ಞಾನಿಗಳು ಈ ಎರಡು ಮೋಸಗಳ ನಡುವೆ ಹೇಗೆ ನಡೆಯುತ್ತಾರೆಂದು ತಿಳಿಯಲು ಶಾಂಡ್ ನೋಡಿದ ಜಾಗಕ್ಕೇ ಹೋಗಬೇಕು. ಪ್ಯಾರಿಸ್ ಊರು ಇರುವುದು ವ್ರೆಡೆಫೋರ್ಟ್ ಎಂಬ ಮಹಾ ರಚನೆಯೊಳಗೆ. ಆಕಾಶದಿಂದ ಬಂದ ಬಂಡೆಯೊಂದು ಭೂಮಿಗೆ ಅಪ್ಪಳಿಸಿ ಆದ ಗಾಯ ಅದು, ನಮಗೆ ತಿಳಿದಿರುವ ಅಂಥ ಗಾಯಗಳಲ್ಲೆಲ್ಲ ದೊಡ್ಡದು ಮತ್ತು ತೀರ ಹಳೆಯವುಗಳಲ್ಲಿ ಒಂದು. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಕರಿಯ ಎಳೆಗಳೆಲ್ಲ ತಿಕ್ಕಾಟದಿಂದ ಕರಗಿದ್ದೋ, ಹೊಡೆತದ ಆಘಾತಕ್ಕೂ ಕರಗಿದ್ದೋ ಎಂಬ ಚರ್ಚೆ ನಡೆದೇ ಇದೆ. ಕರಗಿದ ಗಳಿಗೆಯ ಬಗ್ಗೆ ಮಾತ್ರ ಒಮ್ಮತ ಬಂದಿದೆ. 1995ರಲ್ಲಿ ಲೇಸರ್ ಹಿಡಿದು, ಸೂಜಿಮೊನೆಯಷ್ಟು ಜಾಗದ ಆರ್ಗಾನನ್ನು ಬೇರೆ ಬೇರೆಯಾಗಿ ಅಳೆದವರು 201.8 ಕೋಟಿ ವರ್ಷ ಎಂದರು. ಹೆಚ್ಚು ಕಡಿಮೆ 1.4 ಕೋಟಿ. ಮರುವರ್ಷ ಮತ್ತೊಂದು ತಂಡ ಆರ್ಗಾನನ್ನು ಬಿಟ್ಟು, ಜಿರ್ಕಾನ್ ಹರಳಿನೊಳಗೆ ಯುರೇನಿಯಂ ಸೀಸವಾಗುವ ಲೆಕ್ಕ ಹಿಡಿದು 202.3 ಕೋಟಿ ವರ್ಷ ಎಂದಿತು. ಹೆಚ್ಚು ಕಡಿಮೆ 40 ಲಕ್ಷ. ಎರಡು ಬೇರೆ ದಾರಿಗಳು ಒಂದೇ ಊರು ಮುಟ್ಟಿದವು. ಆ ಗಳಿಗೆಯಲ್ಲಿದ್ದ ಪೊಟ್ಯಾಸಿಯಂ-40ರಲ್ಲಿ ಇಂದಿಗೆ ಮೂರನೆಯ ಒಂದು ಪಾಲು ಮಾತ್ರ ಉಳಿದಿದೆ.

ಈ ‘ಹೆಚ್ಚು ಕಡಿಮೆ’ ನನ್ನನ್ನು ತಟ್ಟಿತು. 200 ಕೋಟಿ ವರ್ಷಗಳ ಹಿಂದಿನ ಸಂಗತಿಯನ್ನು ಹೇಳುವವನು ತನ್ನ ಮಾತಿನ ಪಕ್ಕದಲ್ಲೇ, ನಾನು ಇಷ್ಟರ ಮಟ್ಟಿಗೆ ತಪ್ಪಿರಬಹುದು ಎಂದು ಬರೆದಿಡುತ್ತಾನೆ. ಹಾಗೆ ಬರೆಯದಿದ್ದರೆ ಅವನ ಸಂಖ್ಯೆಗೆ ಬೆಲೆಯೇ ಇಲ್ಲ. ನಾನೋ ನಿನ್ನೆ ಮೊನ್ನೆಯ ಸಂಗತಿಯನ್ನು ಎಂದೂ ‘ಹೆಚ್ಚು ಕಡಿಮೆ’ ಸೇರಿಸದೆ ಹೇಳಿಕೊಂಡು ಬಂದಿದ್ದೆ.

ನೆರೆಯ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್ ಸರೋವರದ ಕಥೆ ಇನ್ನೂ ಹತ್ತಿರದ್ದು. ಅದೂ ಆಕಾಶದ ಕಲ್ಲು ಬಿದ್ದು ಆದದ್ದೇ, ಸುಮಾರು 1.8 ಕಿಲೋಮೀಟರ್ ಅಗಲದ ಬೋಗುಣಿ. ಅದರ ಗಾಜಿನಂಥ ಚೂರುಗಳು ಕಾಯಿಸಿದಾಗ ಸೂಸುವ ಬೆಳಕನ್ನು ಅಳೆದು ಅದರ ವಯಸ್ಸು ಸುಮಾರು 50,000 ವರ್ಷ ಎಂದು ಬಹುಕಾಲ ನಂಬಿದ್ದರು. ಆಮೇಲೆ ಆರ್ಗಾನ್ ಲೆಕ್ಕ ಹಿಡಿದವರಿಗೆ ಬಂದ ಉತ್ತರ 5,70,000 ವರ್ಷ, ಹೆಚ್ಚು ಕಡಿಮೆ 47,000. ಅಲ್ಲಿಯೂ ಕಷ್ಟ ಕೊಟ್ಟದ್ದು ಹಳೆಯ ಆರ್ಗಾನೇ. ಕರಗಿದ್ದು 6.6 ಕೋಟಿ ವರ್ಷ ಹಳೆಯ ದಖನ್ ಕರಿಗಲ್ಲು. ಅದರ ಅಜ್ಜನ ಕಾಲದ ಅನಿಲ ಹೊಸ ಗಾಜಿನೊಳಗೂ ಒಂದಿಷ್ಟು ಉಳಿದುಬಿಟ್ಟಿತ್ತು. ಅದನ್ನು ಬಿಡಿಸಿ ನೋಡುವ ತಾಳ್ಮೆ ಇದ್ದವರಿಗೆ ಸರೋವರ ತನ್ನ ವಯಸ್ಸು ಹೇಳಿತು. ಹಿಂದೆ ಹೇಳಿದವರು ಸುಳ್ಳುಗಾರರಾಗಿರಲಿಲ್ಲ. ತಮ್ಮ ಕೈಯಲ್ಲಿದ್ದ ಅಳತೆಗೋಲಿಗೆ ನಿಷ್ಠರಾಗಿದ್ದರು. ಒಳ್ಳೆಯ ಅಳತೆ ಬಂದಾಗ ಹಳೆಯ ಉತ್ತರವನ್ನು ಕೈಬಿಡುವ ದೊಡ್ಡತನವೂ ಆ ನಿಷ್ಠೆಯ ಭಾಗವೇ.

ಕರಗಿದ ಕಲ್ಲು ಇನ್ನೊಂದನ್ನು ಹೇಳುವುದಿಲ್ಲ, ಹೇಳಲಾರದು. ಹಿಡಿತ ತಪ್ಪಿದ ಗಳಿಗೆ ಅದಕ್ಕೆ ಗೊತ್ತು. ಎಷ್ಟು ಕಾಲದಿಂದ ಒತ್ತಿಕೊಂಡು ಕೂತಿತ್ತು ಎಂಬುದು ಗೊತ್ತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕು 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಮಿ ನಡುಗಿತು. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ನಿದ್ದೆಯಲ್ಲಿದ್ದವರ ಮೇಲೆ ಬಿದ್ದವು. ಹತ್ತು ಸಾವಿರದ ಹತ್ತಿರ ಜೀವ ಹೋದವು. ನೆಲ ಗಟ್ಟಿ, ಇಲ್ಲಿ ಹೀಗಾಗದು ಎಂದು ಎಲ್ಲರೂ ನಂಬಿದ್ದ ಸೀಮೆ ಅದು. ಆಮೇಲೆ ಅಲ್ಲಿ 617 ಮೀಟರ್ ಆಳಕ್ಕೆ ಕೊರೆದಾಗ ಮೊದಲ 338 ಮೀಟರ್ ದಖನ್ ಕರಿಗಲ್ಲು; ಅದರ ಅಡಿಯಲ್ಲಿ ನಮ್ಮ ಧಾರವಾಡದ ನೆಲದಂಥದೇ ಬಲು ಪುರಾತನ ಬಂಡೆ. ಒಡೆದ ನಿಮಿಷವನ್ನು ಯಂತ್ರಗಳು ಬರೆದುಕೊಂಡವು. ಒತ್ತಡ ಕೂಡುತ್ತ ಬಂದದ್ದಕ್ಕೆ ಯಾವ ಪಂಚಾಂಗದಲ್ಲೂ ತಿಥಿ ಇಲ್ಲ.

ಆ ನಸುಕಿನಲ್ಲಿ ಹೈದರಾಬಾದಿನ ನಮ್ಮ ಮನೆಯ ಮಂಚವೂ ಅಲುಗಿತ್ತು. ನಮ್ಮೂರು ಕಿಲ್ಲಾರಿಯಿಂದ ದೂರವಿಲ್ಲ. ಫೋನು ಹತ್ತಲಿಲ್ಲ. ಸಿಕ್ಕ ಬಸ್ಸು, ಟೆಂಪೊ ಹಿಡಿದು ಮರುದಿನ ಊರು ಸೇರಿದೆ. ಅವ್ವ ಅಂಗಳದಲ್ಲಿ ಕೌದಿ ಹೊದ್ದು ಕೂತಿದ್ದಳು. ಪಡಸಾಲೆಯ ಗೋಡೆ ಬಾಯಿ ಬಿಟ್ಟಿತ್ತು. ನೆಲ ನಡುಗಿದಾಗ ಅಣ್ಣ ತನ್ನ ಮಕ್ಕಳನ್ನು ಹೊರಗೆ ತಳ್ಳಿ, ಮತ್ತೆ ಒಳಗೆ ಹೋಗಿ, ಮೊಣಕಾಲು ಹಿಡಿದು ಏಳಲಾಗದೆ ಕೂತಿದ್ದ ಅವ್ವನನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಅವನ ಬೆನ್ನಿಗೆ ಗೋಡೆಯ ಕಲ್ಲೊಂದು ಬಿದ್ದಿತ್ತು. ಒಂದು ತಿಂಗಳು ಅವನು ಅವ್ವನ ಮಂಚದ ಪಕ್ಕ ಬಯಲಿನಲ್ಲೇ ಮಲಗಿದ.

ಗೆಳೆಯರು ಕಲ್ಲು ತೋರಿಸಿದ ಆ ರಾತ್ರಿ ನನಗೆ ನೆನಪಾದದ್ದು ಇದು. ಹದಿನಾರು ವರ್ಷ ನಾನು ಜಗಳದ ತಾರೀಖುಗಳನ್ನು ಜಪಿಸಿದ್ದೆ, ಅಂಗಿಯ ದೀಪಾವಳಿಯನ್ನೂ ಬಿಟ್ಟಿರಲಿಲ್ಲ. 1993ರ ಆ ನಸುಕು ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಒಂದು ಮನೆಯ ಮಾತಾಯಿತು. ನಾನು ಬದುಕಿರುವ ಈ ಊರಿಗೂ ನಾನು ಹುಟ್ಟಿದ ಸೀಮೆಗೂ ಒಂದು ಕಾಲಕ್ಕೆ ಒಂದೇ ದೊರೆತನವಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರು ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಆ ಸೆಪ್ಟೆಂಬರ್ 17ನ್ನು ಒಬ್ಬರು ವಿಮೋಚನೆ ಅನ್ನುತ್ತಾರೆ, ಒಬ್ಬರು ವಿಲೀನ ಅನ್ನುತ್ತಾರೆ. ಅದರ ಹಿಂದಿನ ತಿಂಗಳುಗಳಲ್ಲಿ ಊರು ಬಿಟ್ಟು ಓಡಿದ ಮನೆಗಳಿವೆ, ಅದರ ಮುಂದಿನ ದಿನಗಳಲ್ಲಿ ಯಜಮಾನನನ್ನು ಕಳೆದುಕೊಂಡ ಮನೆಗಳಿವೆ. ಒಂದು ಮನೆ ತನ್ನ ಕಥೆಯನ್ನು ಆ ದಿನಕ್ಕೆ ಮುಗಿಸುತ್ತದೆ. ಇನ್ನೊಂದು ಮನೆಯ ಕಥೆ ಆ ದಿನದಿಂದಲೇ ತೊಡಗುತ್ತದೆ. ಎರಡೂ ಮನೆಯ ಕಣ್ಣೀರು ನಿಜ. ಕಾಳನ್ನೂ ಕರಗಿದ್ದನ್ನೂ ಬೇರೆ ಮಾಡದೆ, ಅಜ್ಜ ಪಟ್ಟ ಸಂಕಟದ ಲೆಕ್ಕವನ್ನು ಇಂದಿನ ನೆರೆಮನೆಯ ಹುಡುಗನ ಹೆಸರಿಗೆ ಬರೆದಾಗ ಮಾತ್ರ ಅನ್ಯಾಯ ಶುರುವಾಗುತ್ತದೆ.

ಆ ರಾತ್ರಿಯ ಮೇಲೆ ನಾನು ಬಸವಕಲ್ಯಾಣದಲ್ಲಿರುವ ಸೋದರತ್ತೆಯ ಬಳಿ ಹೋದೆ. ತೊಂಬತ್ತರ ಹತ್ತಿರದ ಜೀವ. ಬಾಂದುಕಲ್ಲಿನ ಮಾತು ತೆಗೆದೆ. ಅವಳು ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಆ ಕಲ್ಲಿಗಿ ನಿಮ್ಮಣ್ಣ ಕೈ ಹಚ್ಚಿಲ್ಲಪ್ಪ. ನೀವಿಬ್ರೂ ಹುಟ್ಟೋಕಿಂತ ಮೊದಲಿನ ಮಾತದು. ಒಂದು ಮಳಿಗಾಲ ಹಳ್ಳ ದಿಕ್ಕು ಬದಲಿ ಮಾಡ್ತು. ಆಚಿಕಡಿ ಹೊಲ ಆಗ ನಿಮ್ಮ ಮುತ್ಯಾನ ತಮ್ಮಂದು. ಅವನ ನೆಲ ಕೊಚ್ಚಿ ಹೋಯ್ತಂತ ನಿಮ್ಮ ಮುತ್ಯಾನೇ ಕಲ್ಲು ಈಚಿಗಿ ಸರಿಸಿ ಕೊಟ್ಟ. ನಕ್ಷಾದಾಗ ಯಾರು ಬರಸ್ತಾರ? ನಿಮ್ಮಪ್ಪಗ ಅದು ಸೇರಲಿಲ್ಲ. ಅಪ್ಪ ಮಗ ವರ್ಷಗಟ್ಟಲೆ ಮಾತಾಡಲಿಲ್ಲ. ಮುಂದ ಆ ಹೊಲಾನೂ ನಿಮ್ಮಪ್ಪನ ಕೊಂಡ. ಸಿಟ್ಟು ಮಾತ್ರ ಹೋಗಲಿಲ್ಲ.”

ನಾನು ಸುಮ್ಮನೆ ಕೂತೆ. ಚಿಕ್ಕವನಿದ್ದಾಗ ಅಪ್ಪನ ಬೆರಳು ಹಿಡಿದು ಹೊಲಕ್ಕೆ ಹೋಗುತ್ತಿದ್ದೆ. ಆ ಕಲ್ಲಿನ ಹತ್ತಿರ ಬಂದಾಗ ಅಪ್ಪನ ಹಿಡಿತ ಬಿಗಿಯಾಗುತ್ತಿತ್ತು. ಯಾಕೆಂದು ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ನನ್ನ ಕೈಗೆ ಮಾತ್ರ ಅದು ತಿಳಿದಿತ್ತು. ನಾನು ಅಣ್ಣನ ಮೇಲೆ ಎರಚಿದ ಬೆಂಕಿಯಲ್ಲಿ ನನ್ನದೆಷ್ಟು, ಅಪ್ಪನಿಂದ ಬಂದದ್ದೆಷ್ಟು? ಮುತ್ಯಾ ತಮ್ಮನಿಗೆ ತೋರಿದ ಅಂತಃಕರಣವನ್ನು ನಾನು ಮೊಮ್ಮಗನಾಗಿ ಕಳವು ಎಂದು ಕರೆದಿದ್ದೆ.

ಆದರೂ ಅಪ್ಪನ ಸಿಟ್ಟನ್ನು ಬೇರೆ ಎತ್ತಿಟ್ಟ ಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ ಎಂದಲ್ಲ. ಆ ಮಾತು ಉಳಿಯಿತು. ನಾಲ್ಕು ಮಂದಿಯ ಎದುರು, ಆ ದಿನ, ಆ ಗಳಿಗೆ, ನನ್ನ ಬಾಯಿಂದ ಬಂದದ್ದು. ಅದಕ್ಕೆ ಹಳೆಯ ಕಾಲದ ನೆಪ ಇಲ್ಲ, ಅದರ ತಾರೀಖು ಸ್ಪಷ್ಟ. ಹಳೆಯ ಕಾಳುಗಳನ್ನು ಹೆಕ್ಕಿ ತೆಗೆಯುವುದು ತಪ್ಪಿಸಿಕೊಳ್ಳಲಿಕ್ಕಲ್ಲ, ನಮ್ಮದೇ ಆದದ್ದನ್ನು ಒಪ್ಪಿಕೊಳ್ಳಲಿಕ್ಕೆ.

ಅಲ್ಲಿಂದಲೇ ಅಣ್ಣನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದ ಮೇಲೆ, “ಅಣ್ಣಾ, ಕಲ್ಲು ನೀ ಸರಿಸಿಲ್ಲ. ನಾ ಅವತ್ತು ಆಡಿದ್ದು ತಪ್ಪು” ಅಂದೆ. ಆಚೆ ಉಸಿರು ಮಾತ್ರ ಕೇಳುತ್ತಿತ್ತು. ಕಡೆಗೆ ಅವನು, “ಎಳ್ಳಮಾಸಿ ಬಂತು. ಚರಗ ಚೆಲ್ಲಬೇಕು. ನೀ ಬಂದ್ರ ಇಬ್ರೂ ಕೂಡಿ ಚೆಲ್ಲೂಣು” ಅಂದ.

ಹೋದೆ. ಆಳೆತ್ತರದ ಜೋಳ ಗಾಳಿಗೆ ಸರಸರ ಅನ್ನುತ್ತಿತ್ತು. ಅಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ಭಜ್ಜಿ, ಸಜ್ಜಿ ರೊಟ್ಟಿ, ಕಡುಬಿನ ಚರಗವನ್ನು ಅವನು ಆಚೆಯಿಂದ, ನಾನು ಈಚೆಯಿಂದ ಹೊಲದ ಸುತ್ತ ಚೆಲ್ಲುತ್ತ ಬಂದೆವು. ಬಾಂದುಕಲ್ಲಿನ ಬಳಿ ಇಬ್ಬರೂ ನಿಂತೆವು. ಕಳೆದ ಮಾತು ಯಾರೂ ಎತ್ತಲಿಲ್ಲ. ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ; ಹದಿನಾರು ವರ್ಷದ ಮೌನ ಒಂದು ಹಬ್ಬಕ್ಕೆ ಕರಗುವುದಿಲ್ಲ. ತಿಕ್ಕಾಟದಲ್ಲಿ ಕರಗಿ ಬಿಗಿದ ಆ ಕರಿಯ ಎಳೆ ಎಷ್ಟೋ ಸಲ ಒಡೆದ ಎರಡು ಹೋಳುಗಳನ್ನು ಬೆಸೆದು, ಒಡೆಯದ ಬಂಡೆಯಷ್ಟೇ ಗಟ್ಟಿ ಮಾಡುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ ಎಂದು ಗೆಳೆಯರು ಹೇಳಿದ್ದರು. ನಮ್ಮ ಬೆಸುಗೆಯನ್ನು ಕಾಲವೇ ಅಳೆಯಬೇಕು.

ಅಣ್ಣ ಬುಟ್ಟಿಯಲ್ಲಿ ಉಳಿದಿದ್ದ ಕಡೆಯ ಹಿಡಿ ಚರಗವನ್ನು ಕಲ್ಲಿನ ಬುಡಕ್ಕೆ ಇಟ್ಟ. ನಾನು ಬಗ್ಗಿ ಕಲ್ಲು ಮುಟ್ಟಿದೆ. ಬಿಸಿಲಿಗೆ ಅದು ಬೆಚ್ಚಗಿತ್ತು.